ಹೈದರ್ ಅಲಿ ಮತ್ತು ಸಂಬಳದ ಬಾಕಿ

ಈ ಸಂಚಿಕೆಗೆ ನಮ್ಮ ಸೀಮೆಗೆ ಸೇರಿದ ಒಬ್ಬ ಚಾರಿತ್ರಿಕ ವ್ಯಕ್ತಿಯ ಜೀವನ ಬರೆದುಕೊಡಬೇಕೆಂದು ಕನ್ನಡ ಉಪನ್ಯಾಸಕರು ಹೇಳಿದಾಗ ನಾನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಫುಟ್‌ಬಾಲ್ ಕ್ಲಬ್ಬುಗಳ ಲೆಕ್ಕ ಹಾಕುತ್ತಿದ್ದೆ. 2017ರಲ್ಲಿ ಪ್ಯಾರಿಸ್ಸಿನ ಕ್ಲಬ್ಬು ಬಾರ್ಸಿಲೋನಾಗೆ 22 ಕೋಟಿ 20 ಲಕ್ಷ ಯೂರೋ ಕೊಟ್ಟು ನೇಮಾರ್‌ನನ್ನು ಕರೆದುಕೊಂಡು ಹೋಯಿತು. ಅಷ್ಟು ದುಡ್ಡು ಕೈಗೆ ಬಂದ ಬಾರ್ಸಿಲೋನಾ ಅದನ್ನು ಹೊಸ ಆಟಗಾರರ ಮೇಲೆ ಸುರಿಯಿತು. ನಾಲ್ಕೇ ವರ್ಷದಲ್ಲಿ, 2021ರ ಆಗಸ್ಟ್‌ನಲ್ಲಿ, ತನ್ನ ಮೆಸ್ಸಿಯನ್ನೇ ಉಳಿಸಿಕೊಳ್ಳಲು ಅದಕ್ಕೆ ಆಗಲಿಲ್ಲ. ಸಂಬಳದ ಮೊತ್ತ ಲೀಗಿನ ಮಿತಿಯನ್ನು ದಾಟಿಬಿಟ್ಟಿತ್ತು.

ಆಟಗಾರನನ್ನು ಕರೆತರುವ ಖರ್ಚು ಒಂದು, ಬಂದವನಿಗೆ ತಿಂಗಳು ತಿಂಗಳೂ ಕೊಡುವ ಖರ್ಚು ಇನ್ನೊಂದು. ಮೊದಲನೆಯದು ಪೇಪರಿನಲ್ಲಿ ಫೋಟೋ ಸಮೇತ ಬರುತ್ತದೆ. ಮುಳುಗಿಸುವುದು ಎರಡನೆಯದು. ಆ ಎರಡನೆಯ ಖರ್ಚಿನಿಂದ ಒಂದು ರಾಜ್ಯದ ಅಧಿಕಾರವೇ ಕೈ ಬದಲಾದದ್ದು ನಮ್ಮ ಶ್ರೀರಂಗಪಟ್ಟಣದಲ್ಲಿ. ಆಗಿನ ಸಿಪಾಯಿಗಳೂ ಈಗಿನ ಆಟಗಾರರ ಹಾಗೇ. ಇಂದು ಒಬ್ಬ ದೊರೆ, ನಾಳೆ ಸಂಬಳ ಸರಿಯಾಗಿ ಕೊಡುವ ಇನ್ನೊಬ್ಬ ದೊರೆ. ಇದನ್ನು ಚೆನ್ನಾಗಿ ಅರಿತಿದ್ದವನು ಹೈದರ್ ಅಲಿ. ಅದಕ್ಕೇ ಅವನ ಜೀವನವನ್ನು ಸಂಬಳದ ಪುಸ್ತಕದ ಹಾಗೆ ಬರೆಯುತ್ತಿದ್ದೇನೆ.

ಮನೆಯಲ್ಲಿ ನಾವು ನವಾಬ್ ಹೈದರ್ ಅಲಿ ಖಾನ್ ಎಂದು ಬಹುವಚನದಲ್ಲೇ ಹೇಳುವುದು. ಪಠ್ಯಪುಸ್ತಕದಲ್ಲಿ ಏಕವಚನ ಇದೆ, ನಾನೂ ಅದನ್ನೇ ಹಿಡಿದಿದ್ದೇನೆ. ದಾದಿ ಬೇಜಾರು ಮಾಡಿಕೊಳ್ಳುತ್ತಿದ್ದರೇನೋ, ಆದರೆ ಅವರಿಗೆ ಕನ್ನಡ ಓದಲು ಬರುವುದಿಲ್ಲ.

ಹೈದರ್ ಹುಟ್ಟಿದ್ದು 1720ರ ಸುಮಾರಿಗೆ, ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ತಂದೆ ಫತೇ ಮಹಮ್ಮದ್ ಸಿರಾದ ನವಾಬರ ಕಡೆಯ ಸೇನಾಧಿಕಾರಿ. ಮಗ ಇನ್ನೂ ಚಿಕ್ಕವನಿರುವಾಗಲೇ ಯುದ್ಧದಲ್ಲಿ ಸತ್ತ. ಬಿಟ್ಟು ಹೋದದ್ದು ಸಾಲ. ದೊಡ್ಡಬಳ್ಳಾಪುರದಲ್ಲಿ ಅಧಿಕಾರದಲ್ಲಿದ್ದ ಅಬ್ಬಾಸ್ ಕುಲಿ ಖಾನ್ ಹಣ ವಸೂಲಿಗೆ ನಿಂತ. ಅಣ್ಣ ಶಹಬಾಜ್ ಮತ್ತು ತಮ್ಮ ಹೈದರ್ ಇಬ್ಬರನ್ನೂ ನಗಾರಿಯೊಳಗೆ ಕೂರಿಸಿ, ಮೇಲೆ ಚರ್ಮ ಬಿಗಿದು, ತಾಯಿಗೆ ಕೇಳುವಂತೆ ಬಾರಿಸಿದರಂತೆ. ಕೊನೆಗೆ ಶ್ರೀರಂಗಪಟ್ಟಣದಲ್ಲಿ ನೌಕರಿಗಿದ್ದ ದಾಯಾದಿ ಅಣ್ಣನೊಬ್ಬ, ಅವನ ಹೆಸರೂ ಹೈದರ್, ಈ ಕುಟುಂಬವನ್ನು ಬಿಡಿಸಿ ಕರೆಸಿಕೊಂಡ. ಬಾಕಿ ಎಂಬ ಮಾತು ಅವನ ಕಿವಿಗೆ ಮೊದಲು ಬಿದ್ದದ್ದು ನಗಾರಿಯ ಒಳಗೆ.

ಅವನು ಓದು ಬರಹ ಕಲಿಯಲೇ ಇಲ್ಲ. ಆದರೆ ಲೆಕ್ಕ ನೆನಪಿನಲ್ಲಿ ಇಟ್ಟುಕೊಳ್ಳುವುದರಲ್ಲಿ ಅವನನ್ನು ಮೀರಿಸಿದವರು ಕಡಿಮೆ ಎಂದು ಅವನ ಶತ್ರುಗಳೂ ಬರೆದಿದ್ದಾರೆ. ಶತ್ರು ಎಂದೆ, ಏಕೆಂದರೆ ಮುಂದೆ ನಾನು ಹೇಳುವ ಹಲವು ವಿಷಯ ಮಾರ್ಕ್ ವಿಲ್ಕ್ಸ್ ಎಂಬ ಇಂಗ್ಲಿಷ್ ಅಧಿಕಾರಿಯ ಇತಿಹಾಸದಿಂದ ತಿಳಿದದ್ದು. ಆ ಪುಸ್ತಕದ ಮೊದಲ ಸಂಪುಟ ಬಂದದ್ದು 1810ರಲ್ಲಿ. ಅವನು ಎದುರು ತಂಡದವನು ಎಂಬುದನ್ನು ಓದುಗರು ನೆನಪಿಡಬೇಕು.

1749ರಲ್ಲಿ ಮೈಸೂರಿನ ಸೈನ್ಯ ದೇವನಹಳ್ಳಿ ಕೋಟೆಗೆ ಮುತ್ತಿಗೆ ಹಾಕಿತು. ಅಲ್ಲಿ ಹೈದರನ ಧೈರ್ಯ ನೋಡಿದ ನಂಜರಾಜ ಅವನಿಗೆ 50 ಕುದುರೆ ಸವಾರರು ಮತ್ತು 200 ಕಾಲಾಳುಗಳ ಮುಖಂಡತ್ವ ಕೊಟ್ಟ. ಆಗ ಅರಸು ಇಮ್ಮಡಿ ಕೃಷ್ಣರಾಜ ಒಡೆಯರು ಹೆಸರಿಗೆ ಮಾತ್ರ. ಅಧಿಕಾರವೆಲ್ಲ ದಳವಾಯಿ ದೇವರಾಜ ಮತ್ತು ಅವನ ತಮ್ಮ ನಂಜರಾಜನ ಕೈಯಲ್ಲಿತ್ತು.

ಸಣ್ಣ ತಂಡ ಸಿಕ್ಕ ಕೂಡಲೇ ಹೈದರ್ ಮಾಡಿದ ಕೆಲಸ ಲೆಕ್ಕ ಬಲ್ಲ ಒಬ್ಬನನ್ನು ಹುಡುಕಿದ್ದು. ಖಂಡೇರಾಯ ಎಂಬ ಬ್ರಾಹ್ಮಣ ಅವನ ಲೆಕ್ಕಿಗನಾದ. ಇಬ್ಬರೂ ಸೇರಿ ಒಂದು ಕರಾರು ಕಟ್ಟಿದರು. ಬೇಡರ ಪಡೆಯವರಿಗೆ ಮಾಮೂಲಿ ಸಂಬಳ ಇದ್ದೇ ಇದೆ. ಅದರ ಮೇಲೆ ಲೂಟಿಯಲ್ಲಿ ಬಂದದ್ದರಲ್ಲಿ ಅರ್ಧ ಅವರಿಗೆ, ಅರ್ಧ ಹೈದರನಿಗೆ. ಇಂದಿನ ಆಟಗಾರನಿಗೆ ಸಂಬಳದ ಜೊತೆ ಗೋಲಿಗೆ ಇಷ್ಟು, ಕಪ್ಪಿಗೆ ಇಷ್ಟು ಎಂದು ಬರೆಯುತ್ತಾರಲ್ಲ, ಆ ಜಾತಿಯ ಕರಾರು ಇದು. 1750ರ ಕೊನೆಯಲ್ಲಿ ನಾಸಿರ್ ಜಂಗ್ ಕೊಲೆಯಾದ ಗೊಂದಲದಲ್ಲಿ ಈ ಬೇಡರು ಬಂಗಾರದ ನಾಣ್ಯ ಹೇರಿದ ಒಂಟೆಗಳನ್ನೇ ಹೊಡೆದುಕೊಂಡು ಬಂದರು. ಪಡೆ ಬೆಳೆಸಲು ಬಂಡವಾಳ ಸಿಕ್ಕಿತು. ಲೂಟಿ ಎಂದರೆ ಯಾರೋ ಕಳೆದುಕೊಂಡದ್ದು. ಆ ಕಡೆಯ ಲೆಕ್ಕವನ್ನು ಖಂಡೇರಾಯ ಬರೆದಿಡಲಿಲ್ಲ.

1755ರಲ್ಲಿ ಹೈದರ್ ದಿಂಡಿಗಲ್ಲಿನ ಫೌಜ್‌ದಾರನಾದ. ಅಲ್ಲಿಯ ಒಂದು ಕಥೆಯನ್ನು ಕಾಮರ್ಸ್ ವಿದ್ಯಾರ್ಥಿಗಳೆಲ್ಲ ಓದಬೇಕು. ಗಾಯಗೊಂಡ ಸಿಪಾಯಿಗೆ ವಾಸಿಯಾಗುವವರೆಗೆ ತಿಂಗಳಿಗೆ 14 ರೂಪಾಯಿ ಕೊಡುವ ಪದ್ಧತಿ ಇತ್ತು. ಶ್ರೀರಂಗಪಟ್ಟಣದಿಂದ ಲೆಕ್ಕ ನೋಡಲು ಅಧಿಕಾರಿ ಬಂದ. ನಿಜವಾಗಿ ಗಾಯಗೊಂಡವರು 67 ಜನ. ಹೈದರ್ ಕೈಕಾಲಿಗೆ ಅರಿಶಿನ ಬಳಿದ ಬಟ್ಟೆ ಕಟ್ಟಿ ಮಲಗಿಸಿದ್ದು ಸುಮಾರು 700 ಜನರನ್ನು. ಅಷ್ಟೂ ಜನರ ಭತ್ಯೆ ಮಂಜೂರಾಯಿತು. ಇನ್ನೊಮ್ಮೆ ಸೈನ್ಯದ ತಲೆ ಎಣಿಸಲು ಬಂದಾಗ ಎಣಿಸಿದವರನ್ನೇ ಸುತ್ತಿಸಿ ಮತ್ತೆ ತಂದು ನಿಲ್ಲಿಸಿ, ಇಲ್ಲದ ಸೈನಿಕರಿಗೂ ಸಂಬಳ ಪಡೆದ. ಓದುವಾಗ ನನಗೆ ನಗು ಬಂತು. ನಿಜವಾಗಿ ಗಾಯಗೊಂಡಿದ್ದವರಿಗೆ ಅವನು ಕೊಟ್ಟದ್ದು 7 ರೂಪಾಯಿ ಎಂದು ಓದಿದ ಮೇಲೆ ನಗು ನಿಂತಿತು. ಕಾರಣ ಮುಂದೆ ಹೇಳುತ್ತೇನೆ.

ಈ ಹೊತ್ತಿಗೆ ಶ್ರೀರಂಗಪಟ್ಟಣದ ಖಜಾನೆ ಬರಿದಾಗಿತ್ತು. ನಂಜರಾಜ ತಿರುಚಿನಾಪಳ್ಳಿಯನ್ನು ಪಡೆಯಬೇಕೆಂದು ವರ್ಷಗಟ್ಟಲೆ ಯುದ್ಧ ಮಾಡಿ ಬರಿಗೈಯಲ್ಲಿ ವಾಪಸು ಬಂದಿದ್ದ. ಅದರ ಹಿಂದೆಯೇ ನಿಜಾಮನ ಕಡೆಯವರಿಗೂ ಮರಾಠರಿಗೂ ಕಪ್ಪ ಕಟ್ಟಬೇಕಾಯಿತು. ಒಂದು ಕಪ್ಪಿಗಾಗಿ ಇದ್ದದ್ದೆಲ್ಲ ಖರ್ಚು ಮಾಡಿ ಕಪ್ಪೂ ಸಿಗದ ಕ್ಲಬ್ಬಿನ ಸ್ಥಿತಿ. ಆಟಗಾರರ, ಅಂದರೆ ಸಿಪಾಯಿಗಳ, ಸಂಬಳ ನಿಂತುಹೋಯಿತು. ಅಕೌಂಟೆನ್ಸಿಯಲ್ಲಿ ಕೊಡದ ಸಂಬಳವನ್ನು ಹೊಣೆಗಳ ಕಡೆ ಬರೆದು ಒಂದು ಗೆರೆ ಎಳೆದರೆ ಮುಗಿಯಿತು. 1758ರಲ್ಲಿ ಆ ಹೊಣೆ ಎದ್ದು ಬಂದು ನಂಜರಾಜನ ಬಾಗಿಲಲ್ಲಿ ಕೂತಿತು. ಸಿಪಾಯಿಗಳು ಧರಣಿ ಹೂಡಿದರು. ಒಳಗೆ ಅನ್ನ ನೀರು ಹೋಗದಂತೆ ತಡೆದರು. ಧರಣಿಯ ನಿಯಮದಂತೆ ತಾವೂ ಉಪವಾಸ ಕೂತರು.

ದಿಂಡಿಗಲ್ಲಿನಿಂದ ಬಂದ ಹೈದರ್ ಈ ಜಗಳವನ್ನು ಬಗೆಹರಿಸಿದ. ಖಂಡೇರಾಯ ಒಬ್ಬೊಬ್ಬರ ಲೆಕ್ಕ ತೆಗೆದು ಸುಳ್ಳು ಬಾಕಿ ಹೊಡೆದುಹಾಕಿದ. ಸುಳ್ಳು ಲೆಕ್ಕ ಹೇಗೆ ಬರೆಯುತ್ತಾರೆಂದು ಅವರಿಬ್ಬರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು! ಉಳಿದ ನಿಜವಾದ ಬಾಕಿಗೆ ನಗದು ಸಾಲದೆ ಸರ್ಕಾರದ ಆನೆ ಕುದುರೆಗಳನ್ನೂ ಲೆಕ್ಕಕ್ಕೆ ಹಿಡಿದರು. ಸಿಪಾಯಿಗಳು ಮನೆಗೆ ಹೋದರು. ಅದಾದ ಮೇಲೆ ಗಲಾಟೆಯ ಮುಖಂಡರ ಆಸ್ತಿಯನ್ನು ಹೈದರ್ ಕಿತ್ತುಕೊಂಡ, ಅದು ಬೇರೆ ಮಾತು. ಊರಿನಲ್ಲಿ ಉಳಿದ ಹೆಸರು ಮಾತ್ರ ಸಂಬಳ ಕೊಡಿಸಿದವನದು.

ಈಗ 7 ರೂಪಾಯಿಯ ಮಾತು. ನನ್ನ ಚಾಚಾನ ಮಗ ಗೋಲ್‌ಕೀಪರ್. ಅವನನ್ನು ನಾನು ಭಾಯಿ ಎನ್ನುತ್ತೇನೆ. ಗ್ಯಾರೇಜಿನಲ್ಲಿ ಕೆಲಸ, ಭಾನುವಾರ ಆಟ. ನಮ್ಮ ತಂಡದಲ್ಲಿ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲ ಕಡೆಯ ಹುಡುಗರಿದ್ದಾರೆ. ಬಸ್ ಚಾರ್ಜು, ಚೆಂಡು, ಜೆರ್ಸಿ ಲೆಕ್ಕ ಬರೆಯುವವನು ನಾನು. ಹೋದ ವರ್ಷ ಬೇರೆ ಊರಿನ ಒಂದು ತಂಡದವರು ಟೂರ್ನಮೆಂಟಿಗೆ ಭಾಯಿಯನ್ನು ಕರೆದರು. ಮ್ಯಾಚಿಗೆ 800 ರೂಪಾಯಿ ಎಂದು ಮಾತು. ಮೂರು ಮ್ಯಾಚ್ ಆಡಿದ, ಕಪ್ಪು ಬಂತು. ಕೊನೆಯ ಮ್ಯಾಚಿನಲ್ಲಿ ಬೆರಳು ಮುರಿದು ಹದಿನೈದು ದಿನ ಗ್ಯಾರೇಜಿಗೆ ಹೋಗಲಾಗಲಿಲ್ಲ. ದುಡ್ಡು ಕೇಳಿದರೆ ಮುಂದಿನ ವಾರ, ಅದರ ಮುಂದಿನ ವಾರ. ಮೂರು ತಿಂಗಳ ಮೇಲೆ ಭಾಯಿ ಅವರ ಅಂಗಡಿಯ ಮೆಟ್ಟಿಲ ಮೇಲೆ ಬೆಳಿಗ್ಗೆಯಿಂದ ಸಂಜೆಯವರೆಗೆ ಸುಮ್ಮನೆ ಕೂತ. ಧರಣಿ ಎಂಬ ಮಾತು ಅವನ ತಲೆಯಲ್ಲಿ ಇರಲಿಲ್ಲ, ಬೇರೆ ದಾರಿ ತೋಚದೆ ಕೂತದ್ದು. ಸಂಜೆ 1,200 ಕೊಟ್ಟು ಕಳುಹಿಸಿದರು. ಸರಿಯಾಗಿ ಅರ್ಧ. ಆದ್ದರಿಂದ ದಿಂಡಿಗಲ್ಲಿನ ಆ 67 ಜನರ ಉಳಿದರ್ಧ ಎಲ್ಲಿ ಹೋಯಿತು ಎಂದು ಕೇಳದೆ ನನಗೆ ಮುಂದೆ ಓದಲು ಆಗಲಿಲ್ಲ.

ಹೈದರನಿಗೆ ಧರಣಿಯ ಬಲ ಅರ್ಥವಾಗಿತ್ತು. ಮರುವರ್ಷ ಸಿಪಾಯಿಗಳು ಬಾಕಿ ಕೇಳಿ ಅವನ ಬಾಗಿಲಿಗೇ ಬಂದರು. ಕಂದಾಯವೆಲ್ಲ ನಂಜರಾಜನ ಕೈಯಲ್ಲಿದೆ, ತಾನೇನು ಮಾಡಲಿ ಎಂದು ತೋರಿಸಿ, ಅವರ ಜೊತೆ ತಾನೂ ನಂಜರಾಜನ ಬಾಗಿಲಿಗೆ ಹೋದ. ಇದರ ಹಿಂದಿನ ಯೋಜನೆ ಖಂಡೇರಾಯನದು ಎನ್ನುತ್ತಾರೆ. ಎರಡನೆಯ ಸಲ ಉಪವಾಸ ಬೀಳಲು ನಂಜರಾಜ ಸಿದ್ಧನಿರಲಿಲ್ಲ. ಜಹಗೀರು ಪಡೆದು ಅಧಿಕಾರ ಬಿಟ್ಟ.

1760ರಲ್ಲಿ ಖಂಡೇರಾಯ ಅರಮನೆಯ ಕಡೆ ಸೇರಿ, ಮರಾಠರ ನೆರವಿನಿಂದ ಹೈದರನ ಮೇಲೆಯೇ ಬಿದ್ದ. ಹೈದರ್ ಕುಟುಂಬ ಹಾಗೂ ಹಣ ಎರಡನ್ನೂ ಬಿಟ್ಟು ರಾತ್ರಿ ಕಾವೇರಿ ದಾಟಿ ಬೆಂಗಳೂರಿಗೆ ಓಡಿದ. ಮರುವರ್ಷ ಗೆದ್ದು ಬಂದು ತನ್ನ ಹಳೆಯ ಲೆಕ್ಕಿಗನನ್ನು ಕಬ್ಬಿಣದ ಪಂಜರದಲ್ಲಿ ಇಟ್ಟು ಹಾಲು ಅನ್ನ ಹಾಕಿಸಿದ. 1761ರಿಂದ ರಾಜ್ಯ ಅವನದೇ.

ಆಮೇಲೆ ಅವನು ಹೊರಗಿನವರನ್ನು ಕರೆತರಲು ಶುರು ಮಾಡಿದ. ಪಾಂಡವಪುರದ ಗೆಳೆಯರಿಗೆ ತಮ್ಮೂರಿನ ಹಳೆಯ ಹೆಸರು ಗೊತ್ತಿರುತ್ತದೆ: ಹಿರೋಡೆ, ಆಮೇಲೆ ಫ್ರೆಂಚ್ ರಾಕ್ಸ್. ಹೈದರ್, ಟಿಪ್ಪು ಇಬ್ಬರ ಕೈಕೆಳಗೂ ಸಂಬಳಕ್ಕಿದ್ದ ಫ್ರೆಂಚ್ ಸೈನಿಕರು ಬಿಡಾರ ಹೂಡುತ್ತಿದ್ದ ಬಂಡೆಗಳು ಅವು. ಅವರಲ್ಲಿ ಹೆಸರಾದವನು ಲಾಲಿ. ನಿಜಾಮನ ಸಹೋದರ ಬಸಾಲತ್ ಜಂಗನ ಚಾಕರಿ ಬಿಟ್ಟು 1779ರಲ್ಲಿ ಹೈದರನ ಕಡೆ ಬಂದ. ಒಪ್ಪಿಕೊಂಡಷ್ಟು ಜನರನ್ನು ಕರೆತರಲಿಲ್ಲವೆಂದು ಹೈದರ್ ಅವನ ಸಂಬಳಕ್ಕೆ ಕತ್ತರಿ ಹಾಕಿದ. ಲಾಲಿ ಕೂಗಾಡಿದ, ಉಪಯೋಗವಾಗಲಿಲ್ಲ. ಆದರೂ ಬಿಟ್ಟು ಹೋಗಲಿಲ್ಲ. 1780ರ ಪೊಲ್ಲಿಲೂರಿನ ಗೆಲುವಿನಲ್ಲಿ ಅವನೂ ಇದ್ದ. ದರಿಯಾ ದೌಲತ್ತಿನ ಗೋಡೆಯ ಚಿತ್ರದಲ್ಲಿ ದುರ್ಬೀನು ಹಿಡಿದು ನೋಡುತ್ತಿರುವವನು ಅವನೇ.

ಸೋಲಿನಲ್ಲೂ ಹೈದರ್ ಸಂಬಳದ ಚೀಲ ಮರೆಯಲಿಲ್ಲ. 1771ರಲ್ಲಿ ಮೇಲುಕೋಟೆಯಿಂದ ಹಿಂದೆ ಸರಿಯುವಾಗ ಚಿನಕುರಳಿಯ ಹತ್ತಿರ ಮರಾಠರು ಅವನ ಸೈನ್ಯವನ್ನು ಚಿಂದಿ ಮಾಡಿದರು. ಮರಾಠರು ಮೇಲುಕೋಟೆಯ ಲೂಟಿಯಲ್ಲಿ ಮುಳುಗಿದ್ದಾಗ ಹೈದರ್ ಶ್ರೀರಂಗಪಟ್ಟಣದಲ್ಲಿ ಕೂತು, ಕುದುರೆ ಆಯುಧ ಸಮೇತ ವಾಪಸು ಬಂದವರ ಕೈಗೆ ಹಣ ಹಾಕಿದನಂತೆ. ಓಡಿ ಹೋದವರು ಗುಂಪು ಗುಂಪಾಗಿ ಮರಳಿದರು. ಹೊಸಬರನ್ನು ಹುಡುಕುವುದಕ್ಕಿಂತ ಇದು ಅಗ್ಗ. ನಮ್ಮ ತಂಡದ ಕೆ.ಆರ್. ಪೇಟೆಯ ಹುಡುಗ ಪ್ರ್ಯಾಕ್ಟೀಸಿಗೆ ಚಿನಕುರಳಿ ದಾಟಿಯೇ ಬರುತ್ತಾನೆ. ಈ ಯುದ್ಧದ ವಿಷಯ ಅವನಿಗೆ ನಾನು ಹೇಳಿದ ಮೇಲೇ ಗೊತ್ತಾದದ್ದು.

ಇಷ್ಟೆಲ್ಲ ಹಣ ಬಂದದ್ದು ಎಲ್ಲಿಂದ? ದೊಡ್ಡ ಪಾಲು 1763ರಲ್ಲಿ ಗೆದ್ದ ಬಿದನೂರಿನ ಖಜಾನೆಯಿಂದ. ಉಳಿದದ್ದು ಕಂದಾಯದಿಂದ, ಅಂದರೆ ನಮ್ಮಂಥ ಊರುಗಳ ರೈತರಿಂದ. ಲೆಕ್ಕ ತಪ್ಪಿದ ಅಮಲ್ದಾರನಿಗೆ ಕೊರಡೆ ಏಟು ಬೀಳುತ್ತಿತ್ತು. ಆ ಭಯದಲ್ಲಿ ಅಮಲ್ದಾರ ರೈತನನ್ನು ಹೇಗೆ ನೋಡಿಕೊಂಡಿರಬಹುದು ಎಂದು ಊಹಿಸಬಹುದು.

ಹಣವಿಲ್ಲದೆ ನಡೆದ ನೇಮಕವೂ ಒಂದಿದೆ. 1779ರಲ್ಲಿ ಚಿತ್ರದುರ್ಗ ಬಿದ್ದ ಮೇಲೆ ಸುಮಾರು 20,000 ಬೇಡರನ್ನು ಹೊಡೆದುಕೊಂಡು ಬಂದು ಶ್ರೀರಂಗಪಟ್ಟಣದ ದ್ವೀಪದಲ್ಲಿ ಇರಿಸಿದರು. ಅವರ ಹುಡುಗರಿಗೆ ಧರ್ಮ ಬದಲಿಸಿ ಚೇಲಾ ಪಡೆ ಎಂದು ಸಿಪಾಯಿಗಳನ್ನಾಗಿ ಮಾಡಿದರು. ನೇಮಾರ್ ಕಾಗದಕ್ಕೆ ಸಹಿ ಹಾಕಿ ಹೋದ. ಲಾಲಿ ಚೌಕಾಸಿ ಮಾಡಿ ಬಂದ. ಈ ಹುಡುಗರನ್ನು ಯಾರೂ ಕೇಳಲಿಲ್ಲ. ನನಗಿಂತ ಚಿಕ್ಕವರೂ ಇದ್ದಿರಬೇಕು. ಹೈದರ್ ನಮ್ಮ ಊರಿನ ಹೆಮ್ಮೆ ಎಂದು ಬರೆಯಲು ಕೂತವನು ನಾನು. ಈ ಸಾಲುಗಳನ್ನು ಬಿಟ್ಟುಬಿಡಲೇ ಎಂದು ಎರಡು ದಿನ ಯೋಚಿಸಿದೆ. ನಗಾರಿಯೊಳಗೆ ಕೂತಿದ್ದ ಹುಡುಗನ ಕಥೆ ಹೇಳಿದ ಮೇಲೆ ಇವರದನ್ನು ಬಿಡಲು ಮನಸ್ಸಾಗಲಿಲ್ಲ.

ಹೈದರ್ ಸತ್ತದ್ದು 1782ರ ಡಿಸೆಂಬರ್ 7ರಂದು, ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ, ಬೆನ್ನಿನ ಮೇಲೆ ಎದ್ದ ಹುಣ್ಣಿನಿಂದ. ಟಿಪ್ಪು ದೂರದ ಮಲಬಾರಿನಲ್ಲಿದ್ದ. ದೊರೆ ಸತ್ತನೆಂದು ತಿಳಿದರೆ ಸಂಬಳಕ್ಕೆ ನಿಂತ ಸೈನ್ಯ ಚದುರಿ ಹೋಗಬಹುದು. ಆಗ ಗುಟ್ಟು ಕಾಪಾಡಿದವರು ಹಣಕಾಸು ನೋಡಿಕೊಳ್ಳುತ್ತಿದ್ದ ಪೂರ್ಣಯ್ಯ ಮತ್ತು ಕೃಷ್ಣರಾಯ. ಪಾಳೆಯದ ಕೆಲಸಗಳು ದಿನದಂತೆಯೇ ನಡೆದವು. ಶವವನ್ನು ಸುಗಂಧದ್ರವ್ಯ ತುಂಬಿದ ಪೆಟ್ಟಿಗೆಯಲ್ಲಿ ಇಟ್ಟು, ಖಜಾನೆ ಸಾಗಿಸುವ ಹಾಗೆ ಕಾವಲು ಹಾಕಿ ಕೋಲಾರಕ್ಕೆ ಕಳುಹಿಸಿದರು. ಸಿಪಾಯಿಗಳು ಪೆಟ್ಟಿಗೆಯಲ್ಲಿ ಹಣವಿದೆ ಎಂದುಕೊಂಡು ದಾರಿ ಬಿಟ್ಟರು. ಕೋಲಾರದಲ್ಲಿ ತಂದೆಯ ಗೋರಿಯ ಬಳಿ ಸ್ವಲ್ಪ ಕಾಲ ಇದ್ದು, ಆಮೇಲೆ ಶ್ರೀರಂಗಪಟ್ಟಣಕ್ಕೆ ಬಂತು. ಗಂಜಾಮಿನ ಗುಂಬಜ್‌ನಲ್ಲಿ ಈಗ ಹೈದರ್, ಹೆಂಡತಿ ಫಖ್ರುನ್ನಿಸಾ, ಮಗ ಟಿಪ್ಪು ಮೂವರೂ ಅಕ್ಕಪಕ್ಕ ಇದ್ದಾರೆ.