ಅನುಪಮಾ ನಿರಂಜನ

ಡಾ. ಅನುಪಮಾ ನಿರಂಜನ (ಮೇ 17, 1934 – ಫೆಬ್ರವರಿ 15, 1991) ಕನ್ನಡದ ಕಾದಂಬರಿಕಾರ್ತಿ, ಮಕ್ಕಳ ಸಾಹಿತಿ ಹಾಗೂ ವೈದ್ಯೆ. ಹೆಣ್ಣಿನ ದೇಹ, ಬಸಿರು, ಬಾಣಂತನ, ಶಿಶುಪಾಲನೆ ಹಾಗೂ ದಾಂಪತ್ಯವನ್ನು ಕುರಿತು ಸಾಮಾನ್ಯ ಓದುಗರಿಗಾಗಿ ಕನ್ನಡದಲ್ಲಿ ಬರೆದವರಲ್ಲಿ ಇವರು ಪ್ರಮುಖರು. ಕಾದಂಬರಿಗಳಿಂದ ಹೆಸರು ಮಾಡಿದರೂ ಇವರ ಆರೋಗ್ಯ ಸಂಬಂಧಿ ಪುಸ್ತಕಗಳು ಕಾದಂಬರಿಯನ್ನು ಓದದ ಮನೆಗಳನ್ನೂ ತಲುಪಿದವು.

ಜನನ ಮತ್ತು ಹಿನ್ನೆಲೆ

ಅನುಪಮಾ ಹುಟ್ಟಿದ್ದು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ. ಅವರ ಮೊದಲ ಹೆಸರು ವೆಂಕಟಲಕ್ಷ್ಮಿ. ಅನುಪಮಾ ಎಂಬುದು ಅವರು ಬರಹಗಾರ್ತಿಯಾಗಿ ಹೆಸರಾದ ಹೆಸರು. ‘ಫಣಿಯಮ್ಮ’ ಕಾದಂಬರಿಯ ಕರ್ತೃ ಎಂ. ಕೆ. ಇಂದಿರಾ ಅವರ ಹುಟ್ಟೂರೂ ತೀರ್ಥಹಳ್ಳಿಯೇ. ಬಾಲವಿಧವೆಯೊಬ್ಬಳ ಬಾಳನ್ನು ಚಿತ್ರಿಸಿದ ಆ ಕಾದಂಬರಿಯನ್ನು ಮುಂದೆ ಇಂಗ್ಲಿಷಿಗೆ ಅನುವಾದಿಸಿದವರು ಅನುಪಮಾ ಅವರ ಮಗಳು ತೇಜಸ್ವಿನಿ ನಿರಂಜನ.

ಆಗಿನ ಶಿವಮೊಗ್ಗ ಜಿಲ್ಲೆ ಇಂದಿನದಕ್ಕಿಂತ ದೊಡ್ಡದು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಅದರಲ್ಲಿದ್ದವು. ಇಂದು ಪ್ರತ್ಯೇಕ ತಾಲ್ಲೂಕಾಗಿರುವ ನ್ಯಾಮತಿ ಹೊನ್ನಾಳಿಯ ಭಾಗವಾಗಿತ್ತು. ಮಲೆನಾಡಿನ ಕಡೆ ಚಳಿಜ್ವರ ಊರುಗಳನ್ನೇ ಬರಿದು ಮಾಡುತ್ತಿದ್ದ ಕಾಲವದು. ಬಯಲಿನ ಹಳ್ಳಿಗಳಲ್ಲೂ ಆಸ್ಪತ್ರೆಯೆಂಬುದು ಗಾಡಿ ಕಟ್ಟಿಕೊಂಡು ಹೋಗಬೇಕಾದ ದೂರದ ಮಾತಾಗಿತ್ತು. ಹೆರಿಗೆ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲೇ ಆಗುತ್ತಿತ್ತು. ಅನುಭವಿ ಸೂಲಗಿತ್ತಿಯರ ಕೌಶಲ ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹೊಕ್ಕುಳಬಳ್ಳಿ ಕತ್ತರಿಸುವ ಉಪಕರಣ ಶುಚಿಯಾಗಿರದಿದ್ದರೆ ಎಳೆಗೂಸಿಗೆ ಧನುರ್ವಾಯು ತಗಲುತ್ತಿತ್ತು. ಗಿಣ್ಣುಹಾಲು ಮಗುವಿಗೆ ಆಗದೆಂದು ಹಿಂಡಿ ಚೆಲ್ಲುವುದು, ಬಾಣಂತಿಗೆ ನೀರನ್ನು ಅಳೆದು ಕೊಡುವುದು, ಮುಟ್ಟಾದವಳನ್ನು ಹೊರಗಿಡುವುದು ಹಲವೆಡೆ ರೂಢಿಯಲ್ಲಿದ್ದವು. ಈ ರೂಢಿಗಳನ್ನು ಪ್ರಶ್ನಿಸಲು ಹೆಣ್ಣುಮಕ್ಕಳಿಗೆ ಮೊದಲು ಬೇಕಾಗಿದ್ದುದು ತಿಳಿವಳಿಕೆ. ಅದು ಆಗ ಬಹುಮಟ್ಟಿಗೆ ಇಂಗ್ಲಿಷ್ ಪುಸ್ತಕಗಳಲ್ಲಿ ಉಳಿದಿತ್ತು.

ವೃತ್ತಿ ಮತ್ತು ಕುಟುಂಬ

ಮೈಸೂರಿನಲ್ಲಿ ವೈದ್ಯಕೀಯ ಶಿಕ್ಷಣ ಪಡೆದ ಅನುಪಮಾ 1956ರಲ್ಲಿ ಪ್ರಗತಿಶೀಲ ಲೇಖಕ ನಿರಂಜನರನ್ನು ಮದುವೆಯಾದರು. ಕುಳಕುಂದ ಶಿವರಾಯ ಎಂಬುದು ನಿರಂಜನರ ನಿಜನಾಮ. ಕಯ್ಯೂರಿನ ರೈತ ಹೋರಾಟವನ್ನು ಆಧರಿಸಿದ ‘ಚಿರಸ್ಮರಣೆ’ ಅವರ ಪ್ರಸಿದ್ಧ ಕಾದಂಬರಿ. ದಂಪತಿಗಳು ಧಾರವಾಡದಲ್ಲಿ, ಬಳಿಕ ಬೆಂಗಳೂರಿನಲ್ಲಿ ನೆಲೆಸಿದರು. ಅನುಪಮಾ ವೈದ್ಯವೃತ್ತಿಯ ಜೊತೆಗೇ ಬರೆದರು. ಹಿರಿಯ ಮಗಳು ತೇಜಸ್ವಿನಿ ಸಂಸ್ಕೃತಿ ಅಧ್ಯಯನದಲ್ಲಿಯೂ ಕಿರಿಯ ಮಗಳು ಸೀಮಂತಿನಿ ಸಮಾಜಶಾಸ್ತ್ರದಲ್ಲಿಯೂ ಹೆಸರು ಮಾಡಿದರು. ನಿರಂಜನರು ಪಾರ್ಶ್ವವಾಯುವಿಗೆ ತುತ್ತಾದ ಮೇಲೆ ಮನೆಯ ಹೊಣೆಯೂ ರೋಗಿಯ ಆರೈಕೆಯೂ ಅನುಪಮಾ ಅವರ ಹೆಗಲೇರಿದವು. ಆ ಸ್ಥಿತಿಯಲ್ಲೂ ನಿರಂಜನರು 25 ಸಂಪುಟಗಳ ‘ವಿಶ್ವ ಕಥಾಕೋಶ’ದ ಸಂಪಾದಕರಾಗಿ ದುಡಿದರು ಎಂಬುದನ್ನು ನೆನೆದಾಗ ಆ ಆರೈಕೆಯ ಬೆಲೆ ತಿಳಿಯುತ್ತದೆ.

ಆರೋಗ್ಯ ಸಾಹಿತ್ಯ

‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’, ‘ಕೇಳು ಕಿಶೋರಿ’ ಮತ್ತು ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ ಅನುಪಮಾ ಅವರ ಮುಖ್ಯ ಆರೋಗ್ಯ ಕೃತಿಗಳು. ಹೆಣ್ಣಿನ ಬಾಳಿನ ಒಂದೊಂದು ಘಟ್ಟಕ್ಕೂ ಇಲ್ಲೊಂದು ಪುಸ್ತಕವಿದೆ: ಮೈನೆರೆಯುವ ಹುಡುಗಿಗೆ, ಮದುವೆಯಾಗಲಿರುವವಳಿಗೆ, ಹೊಸ ದಂಪತಿಗಳಿಗೆ, ಬಸುರಿಗೆ, ಎಳೆಯ ತಾಯಿಗೆ.

ಈ ಬರವಣಿಗೆಯ ಮಹತ್ವ ತಿಳಿಯಲು ಅಂದಿನ ಸಂಕೋಚವನ್ನು ಗಮನಿಸಬೇಕು. ಮೈಸೂರು ಸಂಸ್ಥಾನ 1930ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯ ತೆರೆಯಲು ಆದೇಶಿಸಿತ್ತು. ಆ ಕಾಲಕ್ಕೆ ಇದು ಅಪರೂಪದ ಹೆಜ್ಜೆ. ಭಾರತ ಸರ್ಕಾರದ ಕುಟುಂಬ ಯೋಜನೆ ಕಾರ್ಯಕ್ರಮ ಆರಂಭವಾದದ್ದು 1952ರಲ್ಲಿ. ಆದರೆ ಚಿಕಿತ್ಸಾಲಯವಿದ್ದ ಮಾತ್ರಕ್ಕೆ ಹೆಂಗಸರು ಅಲ್ಲಿಗೆ ಹೋಗಿ ಬಾಯಿಬಿಟ್ಟು ಕೇಳುವಂತಿರಲಿಲ್ಲ. ಬಿಳಿಸೆರಗು, ಮುಟ್ಟಿನ ತೊಂದರೆ, ಬಂಜೆತನದ ಅಪವಾದ, ಮೇಲಿಂದ ಮೇಲೆ ಬಸಿರು ಇವನ್ನು ಗಂಡನಿಗೆ ಹೇಳುವುದೇ ಕಷ್ಟವಾಗಿತ್ತು; ಅಪರಿಚಿತ ವೈದ್ಯರಿಗೆ ಹೇಳುವುದಂತೂ ದೂರ. ಮದ್ದಿಗಿಂತ ಮೊದಲು ಮಾತು ಬೇಕಾಗಿತ್ತು. ಸ್ವತಃ ವೈದ್ಯೆಯೂ ಗೃಹಿಣಿಯೂ ತಾಯಿಯೂ ಆಗಿದ್ದ ಲೇಖಕಿಯ ಪುಸ್ತಕವನ್ನು ಒಬ್ಬಳೇ ಕುಳಿತು ಓದಿಕೊಳ್ಳಬಹುದಿತ್ತು. ಅಕ್ಷರ ಬಲ್ಲ ಮಗಳು ಅಕ್ಷರ ಬಾರದ ತಾಯಿಗೆ ಓದಿ ಹೇಳಬಹುದಿತ್ತು.

ಹೆರಿಗೆಯ ಅಪಾಯ ಹಳ್ಳಿಗಷ್ಟೇ ಸೀಮಿತವಾಗಿರಲಿಲ್ಲ. ಹೆಣ್ಣಿನ ಮನಸ್ಸನ್ನು ಕುರಿತು ಬರೆದ ಜನಪ್ರಿಯ ಕಾದಂಬರಿಕಾರ್ತಿ ತ್ರಿವೇಣಿ 1963ರಲ್ಲಿ ಹೆಣ್ಣುಮಗುವಿಗೆ ಜನ್ಮವಿತ್ತ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರಿಗಿನ್ನೂ 35 ತುಂಬಿರಲಿಲ್ಲ. ಓದುಬರಹ, ನಗರವಾಸ ಎರಡೂ ಇದ್ದವರ ಪಾಡೇ ಹೀಗಿರುವಾಗ ಉಳಿದವರದನ್ನು ಊಹಿಸಬಹುದು. ಬಸಿರಿನ ದಿನಗಳ ತಪಾಸಣೆ, ರಕ್ತಹೀನತೆ ಬಾರದಂತೆ ಸೊಪ್ಪು, ಕಾಳು, ರಾಗಿ ಸೇರಿದ ಆಹಾರ, ಎರಡು ಹೆರಿಗೆಗಳ ನಡುವೆ ಸಾಕಷ್ಟು ಅಂತರ, ಮಗುವಿಗೆ ಸಕಾಲದಲ್ಲಿ ಲಸಿಕೆ ಇಂದು ಸರ್ವವಿದಿತ ಸಂಗತಿಗಳು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳನ್ನು ತಡೆಯುವ ಲಸಿಕೆ ದೇಶದ ವಿಸ್ತೃತ ಕಾರ್ಯಕ್ರಮದ ಭಾಗವಾದದ್ದು 1978ರಲ್ಲಿ ಮಾತ್ರ. ಅದೇ ವರ್ಷ ಹೆಣ್ಣಿನ ಮದುವೆಯ ಕನಿಷ್ಠ ವಯಸ್ಸು 18ಕ್ಕೆ ಏರಿತು. ವೈದ್ಯರ ಸಲಹೆಯಂತೆ ಗರ್ಭಪಾತ ಮಾಡಿಸಿಕೊಳ್ಳಲು ಅವಕಾಶ ನೀಡಿದ ಕಾನೂನು ಬಂದದ್ದು 1971ರಲ್ಲಿ. ಕಾನೂನೂ ಕಾರ್ಯಕ್ರಮವೂ ಬಂದರೆ ಸಾಲದು, ಅವುಗಳ ಅರ್ಥವನ್ನು ಮನೆಯ ಮಾತಿನಲ್ಲಿ ತಿಳಿಸುವವರು ಬೇಕು. ಕನ್ನಡದ ಮಟ್ಟಿಗೆ ಈ ಕೆಲಸ ಮಾಡಿದವರಲ್ಲಿ ಅನುಪಮಾ ಮುಂಚೂಣಿಯವರು.

ಅವರ ಶೈಲಿ ಸರಳ. ಶಾಸ್ತ್ರೀಯ ಪದ ಬೇಕಾದಲ್ಲಿ ಅದನ್ನು ಬಳಸಿ, ರೂಢಿಯ ಮಾತಿದ್ದಲ್ಲಿ ಅದನ್ನೇ ಆರಿಸಿಕೊಳ್ಳುತ್ತಾರೆ. ಅಂದಿನ ಔಷಧಿ, ಚಿಕಿತ್ಸಾ ವಿಧಾನಗಳಲ್ಲಿ ಹಲವು ಇಂದು ಬದಲಾಗಿರುವುದರಿಂದ ಈ ಪುಸ್ತಕಗಳನ್ನು ಇಂದಿನ ವೈದ್ಯಕೀಯ ಸಲಹೆಗೆ ಬದಲಿಯಾಗಿ ಓದಲಾಗದು. ದಾಂಪತ್ಯವನ್ನು ಉಳಿಸಿಕೊಳ್ಳುವ ಹೊಣೆಯನ್ನು ಹೆಣ್ಣಿನ ಮೇಲೆ ಹೆಚ್ಚಾಗಿ ಹೊರಿಸುವ ಕಿವಿಮಾತಿನ ಧಾಟಿಯೂ ಇಂದಿನ ಓದುಗರಿಗೆ ಹಳತೆನಿಸಬಹುದು. ಆದರೆ ತನ್ನ ದೇಹದ ಬಗೆಗೆ ಹೆಣ್ಣು ನಾಚಬೇಕಾದುದಿಲ್ಲ ಎಂಬ ಅವುಗಳ ನಿಲುವು ಹಳತಾಗಿಲ್ಲ.

ಕಾದಂಬರಿಗಳು ಮತ್ತು ಮಕ್ಕಳ ಸಾಹಿತ್ಯ

‘ಮಾಧವಿ’ ಅನುಪಮಾ ಅವರ ಅತ್ಯಂತ ಚರ್ಚಿತ ಕಾದಂಬರಿ. ವಸ್ತು ಮಹಾಭಾರತದ ಉದ್ಯೋಗಪರ್ವದ್ದು. ಗುರುದಕ್ಷಿಣೆಗಾಗಿ 800 ಕುದುರೆಗಳನ್ನು ಒದಗಿಸಬೇಕಾದ ಗಾಲವನಿಗೆ ಯಯಾತಿ ತನ್ನ ಮಗಳು ಮಾಧವಿಯನ್ನು ಕೊಡುತ್ತಾನೆ. ಮೂವರು ರಾಜರು ಒಬ್ಬೊಬ್ಬರು 200 ಕುದುರೆಗಳನ್ನಿತ್ತು ಅವಳಿಂದ ಒಬ್ಬೊಬ್ಬ ಮಗನನ್ನು ಪಡೆಯುತ್ತಾರೆ, ಉಳಿದ ಕುದುರೆಗಳ ಬದಲಿಗೆ ಗುರು ವಿಶ್ವಾಮಿತ್ರನಿಗೂ ಅವಳೇ ಸಲ್ಲುತ್ತಾಳೆ. ಗರ್ಭವನ್ನು ಬಾಡಿಗೆಯ ವಸ್ತುವಾಗಿ ಕಂಡ ಈ ಕಥೆಯನ್ನು ವೈದ್ಯೆಯೊಬ್ಬರು ಆರಿಸಿಕೊಂಡದ್ದು ಆಕಸ್ಮಿಕವಾಗಿರಲಾರದು. ‘ಋಣಮುಕ್ತಳು’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1984ರಲ್ಲಿ ‘ಋಣಮುಕ್ತಳು’ ಎಂಬ ಹೆಸರಿನಲ್ಲಿಯೇ ತೆರೆಗೆ ತಂದರು. ‘ಆಳ’, ‘ಘೋಷ’, ‘ಎಳೆ’ ಇವರ ಇತರ ಕಾದಂಬರಿಗಳು.

ಮಕ್ಕಳಿಗಾಗಿ ಬರೆದ ‘ದಿನಕ್ಕೊಂದು ಕಥೆ’ ತಿಂಗಳಿಗೊಂದರಂತೆ 12 ಸಂಪುಟಗಳಲ್ಲಿ ಪ್ರಕಟವಾಯಿತು. ವರ್ಷದ ಪ್ರತಿ ರಾತ್ರಿ ಮಗುವಿಗೆ ಒಂದು ಕಥೆ ಎಂಬುದು ಇದರ ಯೋಜನೆ. ಈ ಕೃತಿಗೆ 1978ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ದೊರೆಯಿತು.

ಕೊನೆಯ ವರ್ಷಗಳು

ಅನುಪಮಾ ತಮ್ಮ ಆತ್ಮಕಥನಕ್ಕೆ ‘ನೆನಪು: ಸಿಹಿ-ಕಹಿ’ ಎಂದು ಹೆಸರಿಟ್ಟರು. ಇತರರ ಆರೋಗ್ಯಕ್ಕಾಗಿ ಬರೆದ ಅವರನ್ನು ಕ್ಯಾನ್ಸರ್ ಕಾಡಿತು. 1991ರ ಫೆಬ್ರವರಿ 15ರಂದು, 56ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಕರ್ನಾಟಕ ಲೇಖಕಿಯರ ಸಂಘವು ಅವರ ನೆನಪಿನಲ್ಲಿ ಲೇಖಕಿಯರಿಗೆ ಅನುಪಮಾ ಪ್ರಶಸ್ತಿ ನೀಡುತ್ತ ಬಂದಿದೆ.