ಪೂಂಡಿಯ ನೀರು ಮತ್ತು ಸತ್ಯಮೂರ್ತಿಯವರು

ಮದುವೆಯಾಗಿ ಮೈಸೂರಿನಿಂದ ಮದರಾಸಿಗೆ ಬಂದ ಹೊಸತರಲ್ಲಿ ಅತ್ತೆಯವರು ನನಗೆ ಮೊದಲು ಕಲಿಸಿದ್ದು ನೀರು ತುಂಬಿಸಿಡುವುದನ್ನು. ಬೆಳಗಿನ ಜಾವ ಎದ್ದು ಕೈಪಂಪು ಹೊಡೆಯಬೇಕು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ ಕಾಯಿಸಬೇಕು, ಮಲಗುವ ಮುನ್ನ ತುಂಬಿದ ಕೊಡಗಳನ್ನು ಎಣಿಸಬೇಕು. ಕಾವೇರಿ ನೀರು ಕುಡಿದು ಬೆಳೆದ ನನಗೆ ಇದೆಲ್ಲ ಹೊಸದು. ಈ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದಾಗ ಅವರು ಪೂಂಡಿ ಎಂದರು, ಜೊತೆಗೆ ಸತ್ಯಮೂರ್ತಿಯವರ ಹೆಸರನ್ನೂ ಹೇಳಿದರು. ಕಾಂಗ್ರೆಸ್ ಕಚೇರಿ ಸತ್ಯಮೂರ್ತಿ ಭವನದ ಬೋರ್ಡಿನಲ್ಲಷ್ಟೇ ನಾನು ಆ ಹೆಸರು ಕಂಡಿದ್ದೆ.

ಸತ್ಯಮೂರ್ತಿಯವರು ಹುಟ್ಟಿದ್ದು 1887ರ ಆಗಸ್ಟ್ 19ರಂದು, ಪುದುಕ್ಕೋಟೆ ಸಂಸ್ಥಾನದ ತಿರುಮಯಂನಲ್ಲಿ. ವಕೀಲರು, ಒಳ್ಳೆಯ ಮಾತುಗಾರರು, ಕಾಮರಾಜರಿಗೆ ರಾಜಕೀಯದ ಗುರು. ಸೆರೆಮನೆಯಿಂದ ಮಗಳು ಲಕ್ಷ್ಮಿಗೆ ಅವರು ಬರೆದ ಪತ್ರಗಳು ಪುಸ್ತಕವಾಗಿವೆ. ದೇವದಾಸಿ ಪದ್ಧತಿಯ ವಿಷಯದಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರನ್ನು ಅವರು ವಿರೋಧಿಸಿದ್ದನ್ನು ಮಾತ್ರ ನಾನು ಇಂದಿಗೂ ಒಪ್ಪಲಾರೆ.

1939ರಲ್ಲಿ ಅವರು ಮದರಾಸಿನ ಮೇಯರ್ ಆದರು. ಆಗ ಊರಿಗೆಲ್ಲ ರೆಡ್ ಹಿಲ್ಸ್ ಕೆರೆಯೇ ಆಧಾರ. ಜನ ಹೆಚ್ಚಿದ್ದರು, ಮಳೆ ಕೈಕೊಟ್ಟರೆ ನಲ್ಲಿ ನಿಂತಂತೆಯೇ. ಕೊಸಸ್ತಲೈ ಹೊಳೆಯ ನೀರು ಮಳೆಗಾಲದಲ್ಲಿ ಸುಮ್ಮನೆ ಸಮುದ್ರ ಸೇರುತ್ತಿತ್ತು. ಅದನ್ನು ತಿರುವಳ್ಳೂರಿನ ಹತ್ತಿರ ಪೂಂಡಿಯಲ್ಲಿ ತಡೆದು ನಿಲ್ಲಿಸುವ ಯೋಜನೆಗೆ ಅವರು ಪಟ್ಟು ಹಿಡಿದರು. ಎರಡನೆಯ ಮಹಾಯುದ್ಧ ಶುರುವಾಗಿತ್ತು. ಬ್ರಿಟಿಷ್ ಸರ್ಕಾರಕ್ಕೆ ಅಣೆಕಟ್ಟಿಗಿಂತ ಬೇರೆ ಚಿಂತೆಗಳಿದ್ದವು. ತಾವು ದಿನವೂ ಟೀಕಿಸುತ್ತಿದ್ದ ಅದೇ ಸರ್ಕಾರದಿಂದ ಒಪ್ಪಿಗೆ ಪಡೆದು, 1940ರಲ್ಲಿ ಶಂಕುಸ್ಥಾಪನೆ ಮಾಡಿಸಿದರು.

ಕಟ್ಟೆ ಏಳುತ್ತಿದ್ದಾಗಲೇ ಕ್ವಿಟ್ ಇಂಡಿಯಾ ಚಳವಳಿ ಬಂತು. 1942ರಲ್ಲಿ ಅವರನ್ನು ಬಂಧಿಸಿ ದೂರದ ಅಮರಾವತಿ ಜೈಲಿಗೆ ಕಳಿಸಿದರು. ಅಲ್ಲಿ ಕೆಟ್ಟ ಆರೋಗ್ಯ ಮತ್ತೆ ಸುಧಾರಿಸಲಿಲ್ಲ. 1943ರ ಮಾರ್ಚ್ 28ರಂದು ಮದರಾಸಿನ ಜನರಲ್ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 55. ಪೂಂಡಿ ಜಲಾಶಯ ತೆರೆದದ್ದು ಮರುವರ್ಷ, 1944ರಲ್ಲಿ. ತಾವು ಓಡಾಡಿ ತಂದ ಒಂದು ಲೋಟ ನೀರನ್ನೂ ಅವರು ಕುಡಿಯಲಿಲ್ಲ. ಜಲಾಶಯಕ್ಕೆ ಸತ್ಯಮೂರ್ತಿ ಸಾಗರ ಎಂದು ಹೆಸರಿಟ್ಟದ್ದೂ ಆಮೇಲೆಯೇ.

ನಮ್ಮವರಿಗೂ ಈ ಪೂಂಡಿಯ ನಂಟಿದೆ. 1976ರ ಒಪ್ಪಂದದಂತೆ ಕರ್ನಾಟಕ, ಮಹಾರಾಷ್ಟ್ರ, ಆಂಧ್ರ ತಲಾ 5 ಟಿಎಂಸಿ ಕೃಷ್ಣಾ ನೀರನ್ನು ಈ ಊರಿನ ಕುಡಿಯುವ ನೀರಿಗೆ ಬಿಟ್ಟುಕೊಟ್ಟವು. 1996ರಿಂದ ಕಾಲುವೆಯಲ್ಲಿ ಬರುವ ಆ ನೀರು ಮೊದಲು ಸೇರುವುದು ಪೂಂಡಿಯನ್ನೇ.

2019ರ ಬೇಸಿಗೆಯಲ್ಲಿ ಪೂಂಡಿ, ಚೋಳಾವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕೂ ಬಹುತೇಕ ಬತ್ತಿದವು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಲಾರಿ ಬಂದ ದಿನವೇ ಹಬ್ಬ. ಬಕೆಟ್ ಹಿಡಿದು ನಿಂತ ಸೊಸೆ ಸತ್ಯಮೂರ್ತಿ ಯಾರು ಎಂದು ಕೇಳಿದಳು. ಅತ್ತೆಯವರು ನನಗೆ ಹೇಳಿದ್ದನ್ನೆಲ್ಲ ಸಾಲಿನಲ್ಲಿ ನಿಂತೇ ಅವಳಿಗೆ ಹೇಳಿದೆ.