ಮಣ್ಣೊಳಗಿನ ನೀರನ್ನು ಲೆಕ್ಕಕ್ಕೆ ತಂದ ಟೆರ್ಜಾಗಿ

ಸಿವಿಲ್ ಎಂಜಿನಿಯರಿಂಗ್ ಓದುವ ನಮಗೆ ಕಾರ್ಲ್ ಟೆರ್ಜಾಗಿ ಎಂದರೆ ನಾಲ್ಕಾರು ಸೂತ್ರಗಳು. ಪರೀಕ್ಷೆಗೆ ಅಷ್ಟು ಸಾಕು. ಆದರೆ ಅವರ ಬದುಕನ್ನು ಓದಿದ ಮೇಲೆ, ಡಿಗ್ರಿ ಕೈಗೆ ಬರುವಷ್ಟರಲ್ಲಿ ಮುಂದಿನ ದಾರಿ ಪೂರ್ತಿ ಕಾಣಬೇಕೆಂಬ ನಮ್ಮ ಹಾಸ್ಟೆಲ್‌ ಹುಡುಗರ ಆತಂಕ ನನಗೇ ವಿಚಿತ್ರ ಅನ್ನಿಸಿದೆ.

1883ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದ ಟೆರ್ಜಾಗಿ ಓದಿದ್ದು ಸಿವಿಲ್ ಅಲ್ಲ, ಮೆಕ್ಯಾನಿಕಲ್. ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ಕಾಲೇಜಿನಲ್ಲಿ ಪುಂಡಾಟ ಮಾಡಿ ಹೊರಬೀಳುವ ಹಂತ ತಲುಪಿದ್ದರು. ಪ್ರಾಧ್ಯಾಪಕರೊಬ್ಬರು ಪರವಾಗಿ ನಿಂತು ಉಳಿಸಿಕೊಂಡರು. 1904ರಲ್ಲಿ ಪದವಿ ಸಿಕ್ಕಿತು, ಮನಸ್ಸು ಮಾತ್ರ ಭೂವಿಜ್ಞಾನದ ಕಡೆಗಿತ್ತು. ಸೇನೆಯಲ್ಲಿ ಕಡ್ಡಾಯ ಸೇವೆಗಿದ್ದಾಗ ಇಂಗ್ಲಿಷಿನ ಭೂವಿಜ್ಞಾನ ಕೈಪಿಡಿಯೊಂದನ್ನು ಜರ್ಮನ್‌ಗೆ ಅನುವಾದಿಸಿದರು.

ಆಮೇಲೆ ಕೆಲಸಕ್ಕಾಗಿ ಊರೂರು ಸುತ್ತಿದರು. ಹೋದಲ್ಲೆಲ್ಲ ಒಂದೇ ತಕರಾರು: ಉಕ್ಕಿಗೆ, ಕಾಂಕ್ರೀಟಿಗೆ ಲೆಕ್ಕವಿದೆ, ಕೆಳಗಿನ ಮಣ್ಣಿಗಿಲ್ಲ. ಕಟ್ಟಡ ವಾಲಿದರೆ, ಅಣೆಕಟ್ಟು ಒಡೆದರೆ ಕಾರಣ ಹೇಳುವವರಿಲ್ಲ. 1912ರಲ್ಲಿ ಅಮೆರಿಕಕ್ಕೆ ಹೋಗಿ ಅಣೆಕಟ್ಟು ಕಾಮಗಾರಿಗಳನ್ನು ಸುತ್ತಿ ರಾಶಿ ಮಾಹಿತಿ ಕೂಡಿಹಾಕಿದರು. ಅದರಿಂದ ಒಂದು ನಿಯಮವೂ ಹುಟ್ಟಲಿಲ್ಲ. ಮರಳು, ಜೇಡಿ ಎಂಬ ಹೆಸರುಗಳಿದ್ದವೇ ಹೊರತು ಅವುಗಳ ಗುಣಕ್ಕೆ ಅಳತೆಯಿರಲಿಲ್ಲ. ನಿರಾಸೆಯಿಂದ ವಾಪಸಾದರು.

ತಿರುವು ಸಿಕ್ಕಿದ್ದು ಇಸ್ತಾಂಬುಲ್‌ನಲ್ಲಿ. 1916ರಲ್ಲಿ ಅಲ್ಲಿನ ಎಂಜಿನಿಯರಿಂಗ್ ಶಾಲೆಗೆ ಪಾಠ ಮಾಡಲು ಹೋದರು. ಮಹಾಯುದ್ಧ ಮುಗಿದಾಗ ಸೋತ ದೇಶದವರೆಂದು ಆ ಕೆಲಸವೂ ಹೋಯಿತು. ಅದೇ ಊರಿನ ರಾಬರ್ಟ್ ಕಾಲೇಜು ಆಶ್ರಯ ಕೊಟ್ಟಿತು. ಪ್ರಯೋಗಾಲಯಕ್ಕೆ ದುಡ್ಡಿರಲಿಲ್ಲ. ಸಿಗಾರ್ ಡಬ್ಬಿ, ಗುಜರಿ ಸಾಮಾನು ಜೋಡಿಸಿಕೊಂಡೇ ಮಣ್ಣಿನ ಮೇಲೆ ಭಾರ ಹೇರಿ, ಅದು ಎಷ್ಟು ಕುಗ್ಗುತ್ತದೆ ಎಂದು ಅಳೆಯತೊಡಗಿದರು. ಇವತ್ತು ನಮ್ಮ ಲ್ಯಾಬಿನಲ್ಲಿ ಒಂದು ಡಯಲ್ ಗೇಜ್ ಕೆಟ್ಟರೆ ಆ ದಿನದ ಪ್ರಾಕ್ಟಿಕಲ್ಲೇ ಮುಗಿದಂತೆ!

ಅವರು ಕಂಡದ್ದು ಇಷ್ಟು. ನೀರು ತುಂಬಿದ ಜೇಡಿಮಣ್ಣಿನ ಮೇಲೆ ಭಾರ ಬಿದ್ದರೆ ಅದನ್ನು ಮೊದಲು ಹೊರುವುದು ಮಣ್ಣಿನ ಕಣಗಳಲ್ಲ, ನಡುವೆ ಸಿಕ್ಕಿಕೊಂಡ ನೀರು. ಬಟ್ಟೆಯಲ್ಲಿ ಕಟ್ಟಿದ ಮೊಸರಿನ ಮೇಲೆ ಗುಂಡುಕಲ್ಲಿಟ್ಟಂತೆ ನೀರು ನಿಧಾನವಾಗಿ ಬಸಿಯುತ್ತದೆ. ಬಸಿದಷ್ಟೂ ಭಾರ ಕಣಗಳಿಗೆ ದಾಟುತ್ತದೆ, ಮಣ್ಣು ಕುಗ್ಗುತ್ತದೆ, ಮೇಲಿನ ಕಟ್ಟಡ ಇಳಿಯುತ್ತದೆ. ಜೇಡಿಯ ರಂಧ್ರಗಳು ತೀರಾ ಸಣ್ಣವಾದ್ದರಿಂದ ಇದಕ್ಕೆ ವರ್ಷಗಟ್ಟಲೆ ಬೇಕು. ಒಟ್ಟು ಒತ್ತಡದಲ್ಲಿ ನೀರಿನ ಒತ್ತಡ ಕಳೆದರೆ ಉಳಿಯುವುದೇ ಮಣ್ಣಿನ ನಿಜವಾದ ಬಲಕ್ಕೆ ಆಧಾರ. 1925ರಲ್ಲಿ ಇದೆಲ್ಲ ಪುಸ್ತಕವಾಗಿ ವಿಯೆನ್ನಾದಲ್ಲಿ ಹೊರಬಂತು. ಅದೇ ವರ್ಷ ಅಮೆರಿಕದ ಎಂಐಟಿ ಅವರನ್ನು ಕರೆಸಿಕೊಂಡಿತು.

ಪಠ್ಯದಲ್ಲಿ ಬಾರದ ಒಂದು ಅಧ್ಯಾಯವೂ ಇದೆ. 1929ರಲ್ಲಿ ವಿಯೆನ್ನಾಕ್ಕೆ ಮರಳಿದ ಟೆರ್ಜಾಗಿಯವರ ಮೇಲೆ ಅಲ್ಲಿನ ಪ್ರಾಧ್ಯಾಪಕ ಪೌಲ್ ಫಿಲುಂಗರ್ ಕಿರುಹೊತ್ತಗೆ ಅಚ್ಚುಹಾಕಿಸಿ ತೀವ್ರ ದಾಳಿ ಮಾಡಿದರು. ವಿಚಾರಣಾ ಸಮಿತಿ ಟೆರ್ಜಾಗಿ ಪರ ನಿಂತಿತು. 1937ರ ಮಾರ್ಚ್‌ನಲ್ಲಿ ಫಿಲುಂಗರ್ ಮತ್ತು ಅವರ ಹೆಂಡತಿ ಪ್ರಾಣ ಕಳೆದುಕೊಂಡರು. ರಂಧ್ರಗಳ ನೀರಿನ ಬಗ್ಗೆ ಫಿಲುಂಗರ್ ಕೂಡ ಮುಂಚಿನಿಂದ ಕೆಲಸ ಮಾಡಿದವರೇ. ಗೆದ್ದವರ ಹೆಸರು ಮಾತ್ರ ಸೂತ್ರಕ್ಕೆ ಅಂಟಿಕೊಂಡಿರುವುದು ನನಗೆ ಈಗಲೂ ಚುಚ್ಚುತ್ತದೆ.

1938ರಿಂದ ಟೆರ್ಜಾಗಿ ಹಾರ್ವರ್ಡ್‌ನಲ್ಲಿದ್ದರು. ರಾಲ್ಫ್ ಪೆಕ್ ಜೊತೆ 1948ರಲ್ಲಿ ಬರೆದ ಪುಸ್ತಕ ಸೈಟ್‌ಗಳಲ್ಲಿ ‘ಎನ್ ವ್ಯಾಲ್ಯೂ’ ಬಳಕೆಯನ್ನು ಜನಪ್ರಿಯಗೊಳಿಸಿತು. ಸಾಯಿಲ್ ರಿಪೋರ್ಟ್ ಓದುವ ಕೆಲಸಕ್ಕೆ ಸಂದರ್ಶನಕ್ಕೆ ಹೋಗುವವರಿಗೆ ಇದು ಎದುರಾಗದೆ ಇರದು.

ಈಗ ಮೆದುಮಣ್ಣಿನ ಜಾಗಗಳಲ್ಲಿ ಕೋನ್ ಪರೀಕ್ಷೆ ಹೆಚ್ಚು ನಂಬಿಕೆಯದು. ಅರವತ್ತು ಡಿಗ್ರಿ ಮೊನೆಯ ಉಕ್ಕಿನ ಶಂಕುವನ್ನು ಸೆಕೆಂಡಿಗೆ 2 ಸೆಂಟಿಮೀಟರ್ ವೇಗದಲ್ಲಿ ನೆಲಕ್ಕೆ ಒತ್ತುತ್ತಾರೆ. ತುದಿಯ ಪ್ರತಿರೋಧ, ಪಕ್ಕದ ಉಜ್ಜುವಿಕೆ, ನೀರಿನ ಒತ್ತಡ ಮೂರೂ ಒಟ್ಟಿಗೇ ದಾಖಲಾಗುತ್ತವೆ. ಒತ್ತುವುದನ್ನು ನಿಲ್ಲಿಸಿ ಕಾದರೆ ಏರಿದ್ದ ನೀರಿನ ಒತ್ತಡ ಇಳಿಯತೊಡಗುತ್ತದೆ. ಮರಳಿನಲ್ಲಿ ಕ್ಷಣಗಳಲ್ಲಿ, ಜೇಡಿಯಲ್ಲಿ ಗಂಟೆಗಟ್ಟಲೆ. ಆ ಇಳಿತದ ವೇಗವನ್ನು ಓದುವುದು ಸಿಗಾರ್ ಡಬ್ಬಿಯ ಕಾಲದ ಅದೇ ವಿಚಾರದಿಂದ.

ಟೆರ್ಜಾಗಿ 1963ರಲ್ಲಿ ತೀರಿಕೊಂಡರು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಅವರು ಸಲಹೆಗಾರರಾಗಿದ್ದ ಮಿಷನ್ ಅಣೆಕಟ್ಟಿಗೆ 1965ರಲ್ಲಿ ಅವರ ಹೆಸರಿಟ್ಟರು. ಅದರ ತಳದಲ್ಲಿರುವುದು ನದಿ ತಂದು ಹಾಕಿದ ಮಣ್ಣು, ನಡುವೆ ಭಾರಕ್ಕೆ ಕುಗ್ಗುವ ಜೇಡಿಯ ಪದರ.